ಎಡಗೈ ಕಟ್ಟಿದ ನೊಣ

ನವೆಂಬರ್ ೨೮, ಮಂಗಳವಾರ

ಈ ವರ್ಷದ ಮೊದಲ ಹಿಮ ಬಿತ್ತು. ಬಿತ್ತು ಅನ್ನುವುದೂ ಹೆಚ್ಚೇ. ಯಾರೋ ಹಿಟ್ಟು ಜರಡಿ ಹಿಡಿಯಲು ಕೂತು ಅರ್ಧಕ್ಕೇ ಬೇಸರವಾಗಿ ಎದ್ದುಹೋದ ಹಾಗಿತ್ತು. ಆದರೂ ಕೌಂಟಿಯವರು ಲಾರಿ ಹೊರಡಿಸಿದರು. ಹಿಮ ತಳ್ಳುವ ಲಾರಿಯ ಕೆಲಸದಲ್ಲಿ ನನಗೆ ಇಷ್ಟವಾದ ಸಂಗತಿ ಎಂದರೆ ಒಳಗೆ ಒಬ್ಬನೇ ಕೂತಿರಬಹುದು. ಇಷ್ಟವಾಗದ್ದು ಎಂದರೆ ನನಗೆ ಕೊಟ್ಟಿರುವ ರಸ್ತೆ ನನ್ನ ಗೆಳೆಯ ಓರ್ಲಿನ್ ಮನೆಯ ಮುಂದೆಯೇ ಹಾದುಹೋಗುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಳ್ಳುತ್ತಿದ್ದೆ. ಓರ್ಲಿನ್ ಹೆಂಡತಿ ಆರ್ಡಿಸ್ ಹಿಂದಿನಿಂದ ಬಂದು ನಿಂತಳು.

“ವೆಂಡೆಲ್, ನಿನ್ನ ಲಾರಿಗೆ ಏನೋ ಕಾಯಿಲೆ ಇದೆ, ತೋರಿಸು.”

“ಯಾಕೆ, ಏನಾಯ್ತು?”

“ಊರೆಲ್ಲಾ ಬಸವನಹುಳು ಥರ ಹೋಗುತ್ತೆ. ನಮ್ಮನೆ ಮುಂದೆ ಬಂದಾಗ ಮಾತ್ರ ಓಟ ಕೀಳುತ್ತೆ.”

ಕೆಲಸ ಜಾಸ್ತಿ, ಉಪ್ಪು ತುಂಬಿಸಬೇಕು, ಬೆನ್ನುನೋವು ಎಂದು ಏನೇನೋ ಹೇಳಿದೆ. ಅವಳು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವಳು. ನನ್ನ ಫ್ಲಾಸ್ಕಿನ ಮುಚ್ಚಳ ಅವಳೇ ತಿರುಗಿಸಿ ಕೊಟ್ಟು, “ಬೆನ್ನು ನೋಡ್ಕೋ,” ಎಂದು ಹೋದಳು.

ಸೆಪ್ಟೆಂಬರ್‌ನಲ್ಲಿ ಓರ್ಲಿನ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅದರ ಜೊತೆಗೆ ಮಾತು. ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಬಂದೆ. ಹವಾಮಾನದ ಬಗ್ಗೆ ನಾನೊಬ್ಬನೇ ಕಾಲು ಗಂಟೆ ಮಾತಾಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೆ ಹಳ್ಳದಲ್ಲಿ ನಿಂತು ಮೀನು ಹಿಡಿಯುತ್ತಾ ಎಷ್ಟೋ ಚಳಿಗಾಲ ಕಳೆದಿದ್ದೇವೆ, ದಿನವಿಡೀ ಮಾತಿಲ್ಲದೆ ಇದ್ದದ್ದೂ ಉಂಟು, ಆಗ ಏನೂ ಅನ್ನಿಸಿರಲಿಲ್ಲ. ಆ ಕೋಣೆಯಲ್ಲಿ ಮಾತ್ರ ಉಸಿರು ಕಟ್ಟಿತು. ನನಗೆ ರೋಗಿಗಳ ಜೊತೆ ಇರಲು ಬರುವುದಿಲ್ಲ. ಕೆಲವರಿಗೆ ಬರುವುದಿಲ್ಲ, ಅಷ್ಟೇ.

ಡಿಸೆಂಬರ್ ೨, ಶನಿವಾರ

ಆರ್ಡಿಸ್ ಫೋನ್ ಮಾಡಿ ಕರೆಸಿದಳು. ಬಂದು ನೋಡು ಅನ್ನಲಿಲ್ಲ, “ಒಂದಷ್ಟು ಸಾಮಾನು ಇದೆ, ತಗೊಂಡು ಹೋಗು,” ಎಂದಳು. ಸಾಮಾನು ಎಂದರೆ ಹೋಗಲೇಬೇಕು.

ಓರ್ಲಿನ್ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದ. ಕಿಟಕಿಯ ಆಚೆ ಅವನ ಹುಲ್ಲುಗಾವಲು, ಅದರ ತುದಿಯಲ್ಲಿ ಹಳ್ಳ, ಬೆಳಗಿನ ಚಳಿಗೆ ನೀರಿನ ಮೇಲೆ ಹಬೆ ಏಳುತ್ತಿರುವುದು ಚೆನ್ನಾಗಿಯೇ ಕಾಣುತ್ತದೆ. ಅವನು ಗೋಡೆಯ ಕಡೆ ಮುಖ ಮಾಡಿದ್ದ. “ಏನಪ್ಪಾ?” ಅಂದೆ. ಕಣ್ಣು ಮಾತ್ರ ನನ್ನ ಬೂಟಿನವರೆಗೆ ಬಂದು ವಾಪಸ್ ಹೋಯಿತು.

ಅಡುಗೆಮನೆಯಲ್ಲಿ ಆರ್ಡಿಸ್ ತಗ್ಗಿದ ದನಿಯಲ್ಲಿ ಹೇಳಿದಳು: “ಉಳಿದಿರೋದು ಒಂದೇ ಮಾತು. ‘ದರಿದ್ರ.’ ಕಾಫಿ ಕೊಟ್ರೂ ದರಿದ್ರ, ದೇವರ ಹೆಸರು ಹೇಳಿದ್ರೂ ದರಿದ್ರ. ಪಾದ್ರಿ ಬಂದಾಗ ನಾನು ರೇಡಿಯೋ ಜೋರಾಗಿ ಹಾಕಿಬಿಟ್ಟೆ.”

“ವ್ಯಾಯಾಮ ಮಾಡ್ತಿದಾನಾ?”

“ಒಬ್ಬಳು ಹುಡುಗಿ ಬರ್ತಾಳೆ, ಒಳ್ಳೆಯವಳು. ಹಿಚುಕೋಕೆ ರಬ್ಬರ್ ಚೆಂಡು ಕೊಟ್ಟಳು. ಅದನ್ನ ಎಡಗೈಲಿ ತಗೊಂಡು ಬೆಕ್ಕಿಗೆ ಹೊಡೆದ. ಈ ಚಳಿಗಾಲವೇ ಮುಖ್ಯ ಅಂತೆ, ಈಗ ಕೈಗೆ ಕೆಲಸ ಕೊಡದಿದ್ರೆ ಆಮೇಲೆ ಅದು ಹಾಗೇ ಉಳಿದುಬಿಡುತ್ತಂತೆ. ಇವನಿಗೆ ಬೇಡವಾಗಿದೆ, ವೆಂಡೆಲ್. ಏನೂ ಬೇಡವಾಗಿದೆ.”

ಆಮೇಲೆ ಸಾಮಾನು ತೋರಿಸಿದಳು. ಮೀನನ್ನು ಮರುಳುಮಾಡಲು ಓರ್ಲಿನ್ ಗಾಳಕ್ಕೆ ಗರಿ, ನೂಲು ಸುತ್ತಿ ಹುಸಿ ನೊಣ ಕಟ್ಟುವ ಸಾಮಾನೆಲ್ಲಾ ಎರಡು ರಟ್ಟಿನ ಪೆಟ್ಟಿಗೆಯಲ್ಲಿತ್ತು: ಗಾಳ ಕಚ್ಚಿ ಹಿಡಿಯುವ ಪುಟ್ಟ ವೈಸ್, ನೂಲಿನ ಉಂಡೆಗಳು, ಹುಂಜದ ಕತ್ತಿನ ಗರಿ, ಮೊಲದ ತುಪ್ಪಟ, ತಾಮ್ರದ ತಂತಿ. ಕಣ್ಣಿಗೆ ಬಿದ್ದರೆ ಎಸೆಯುತ್ತಾನಂತೆ. ಒಮ್ಮೆ ಎಸೆದಿದ್ದಾನೆ ಕೂಡ.

ಪೆಟ್ಟಿಗೆ ಹೊತ್ತುಕೊಂಡು ಅವನ ಬೆನ್ನ ಹಿಂದೆ ಹಾದುಬಂದೆ. ಕಳ್ಳನ ಹಾಗೆ ಅನ್ನಿಸಿತು.

ಡಿಸೆಂಬರ್ ೩, ಭಾನುವಾರ

ಪೆಟ್ಟಿಗೆ ಬಿಚ್ಚಿದೆ. ಅವನ ಮೊಲದ ಚರ್ಮ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ, ಯಾವತ್ತೂ ಎಲ್ಲಿಂದ ತಂದೆ ಅಂತ ಹೇಳಿರಲಿಲ್ಲ ಕಳ್ಳ. ಬೆಳಗಿನಿಂದ ಅದನ್ನು ಸವರುತ್ತಾ ಕೂತಿದ್ದೆ. ಗೆಳೆಯನಿಗೆ ಹೀಗಾಗಿರುವಾಗ ಮೊಲದ ಚರ್ಮ ಸಿಕ್ಕಿತಲ್ಲ ಅಂತ ಖುಷಿಪಡುವವನು ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ಉತ್ತರ ನನ್ನ ಹತ್ತಿರ ಇಲ್ಲ. ಚರ್ಮ ಮಾತ್ರ ಚೆನ್ನಾಗಿದೆ.

ಜನವರಿಯ ಮೊದಲ ಶನಿವಾರದಿಂದ ಹಳ್ಳದಲ್ಲಿ ಟ್ರೌಟ್ ಮೀನು ಹಿಡಿಯಲು ಅಪ್ಪಣೆ. ಹಿಂದೆ ಮಾರ್ಚ್‌ವರೆಗೆ ಕಾಯಬೇಕಿತ್ತು. ಚಳಿಗಾಲದಲ್ಲಿ ಹಿಡಿದದ್ದನ್ನು ನೀರಿಗೇ ಬಿಡಬೇಕು, ಅದು ಕಾನೂನು. ನಮ್ಮಿಬ್ಬರ ಕಾನೂನು ಬೇರೆ. ಆ ಮೊದಲ ದಿನ ಅವನ ನೊಣ ನಾನು ಕಟ್ಟಬೇಕು, ನನ್ನದು ಅವನು. ಹಳ್ಳದ ದಡಕ್ಕೆ ಬರುವವರೆಗೆ ತೋರಿಸುವಂತಿಲ್ಲ. ಎಂಥದ್ದೇ ಕೊಟ್ಟರೂ ದಿನವಿಡೀ ಅದರಲ್ಲೇ ಹಿಡಿಯಬೇಕು. ಕಳೆದುಕೊಂಡರೆ ಆ ದಿನದ ಆಟ ಮುಗಿಯಿತು, ದಡದಲ್ಲಿ ಕೂತು ಕಾಫಿ ಕುಡಿಯಬೇಕು. ಒಂದು ವರ್ಷ ನಾನು ಸಾಸಿವೆಯಷ್ಟು ಸಣ್ಣ ನೊಣ ಕಟ್ಟಿಕೊಟ್ಟೆ, ಅವನು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ, ಗಾಳದ ಕಣ್ಣಿಗೆ ದಾರ ಪೋಣಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮರುವರ್ಷ ಅವನು ಆರ್ಡಿಸ್‌ಳ ಬಚ್ಚಲುಮನೆಯ ಕಿತ್ತಳೆ ಬಣ್ಣದ ಕಾಲೊರೆಸಿನ ನೂಲು ಕಿತ್ತು ಒಂದನ್ನು ಕಟ್ಟಿದ. ನಾಚಿಕೆಗೇಡು, ಆದರೆ ಮೀನು ಒಂದರ ಹಿಂದೆ ಒಂದು ಕಚ್ಚಿದವು. ಆ ಕಾಲೊರೆಸಿನ ಕತೆಯನ್ನು ಅವನು ಇಡೀ ಕೌಂಟಿಗೆ ಸಾರಿದ.

ಈ ವರ್ಷ ನನಗೆ ಯಾರು ಕಟ್ಟುತ್ತಾರೆ?

ಡಿಸೆಂಬರ್ ೧೧, ಸೋಮವಾರ

ಮೊದಲ ಶನಿವಾರ ನನ್ನ ಜೊತೆ ಹಳ್ಳಕ್ಕೆ ಬರುತ್ತೀಯಾ ಎಂದು ಲಾರಿ ಶೆಡ್ಡಿನಲ್ಲಿ ರಿಕ್‌ನನ್ನು ಕೇಳಿ ನೋಡಿದೆ. ಪಕ್ಕದ ರಸ್ತೆಯ ಲಾರಿ ಅವನದು. ಬೇಸಿಗೆಯಲ್ಲಿ ಎರೆಹುಳು ಕಟ್ಟಿ ಮೀನು ಹಿಡಿಯುವ ಜಾತಿ, ಆದರೂ ಮನುಷ್ಯ.

“ಹಿಡಿದು ವಾಪಸ್ ಬಿಡಬೇಕಾ?” ಎಂದ.

“ಬಿಡಬೇಕು.”

“ಆ ಚಳೀಲಿ ನೀರಲ್ಲಿ ನಿಂತ್ಕೊಂಡು?”

“ಹೂಂ.”

“ನಾನು ಮನೇಲೇ ಬೆಚ್ಚಗೆ ಕೂತು, ಹಿಡಿದೆ, ಬಿಟ್ಟೆ ಅಂದ್ಕೋತೀನಿ. ಲೆಕ್ಕ ಒಂದೇ ಅಲ್ವಾ?”

ಇಂಥವನ ಜೊತೆ ನೊಣ ಬದಲಾಯಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ವಾಸಿ.

ಸಂಜೆ ಹಳ್ಳದ ಕಡೆ ನಡೆದೆ. ನೋಡಲು ಮಾತ್ರ. ಒರತೆಯ ನೀರು, ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಟ್ರೌಟ್‌ಗಳು ಮೊಟ್ಟೆಯಿಟ್ಟು ಮುಗಿಸಿವೆ. ಬಾಲದಲ್ಲಿ ಗುಡಿಸಿ ತೊಳೆದಿಟ್ಟ ನೊರಜುಗಲ್ಲಿನ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿ ಕಾಲಿಡಬಾರದು. ಈ ನೀರಲ್ಲಿ ಸಾಕಿ ತಂದುಬಿಟ್ಟ ಮೀನಿಲ್ಲ, ಎಲ್ಲಾ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವು, ಅದಕ್ಕೇ ಅವಕ್ಕೆ ಅಷ್ಟು ಸೊಕ್ಕು. ಓರ್ಲಿನ್ ಮನೆಯ ಕಿಟಕಿಯಲ್ಲಿ ದೀಪ ಇತ್ತು. ಅವನಿಗೆ ನಾನು ಕಾಣುತ್ತಿರಬಹುದು ಅನ್ನಿಸಿ, ಯಾಕೋ, ಪೊದೆಯ ಹಿಂದೆ ಸರಿದೆ.

ಡಿಸೆಂಬರ್ ೧೨, ಮಂಗಳವಾರ

ಉಪಾಯ ಹೊಳೆಯಿತು. ಎರಡನ್ನೂ ನಾನೇ ಕಟ್ಟುತ್ತೇನೆ. ಓರ್ಲಿನ್ ನನಗೆ ಕಟ್ಟಬೇಕಾದದ್ದನ್ನು ಅವನ ಶೈಲಿಯಲ್ಲೇ ಕಟ್ಟಿ, ಅವನ ಕೈಗೆ ಕೊಟ್ಟು, ಅವನಿಂದ ಇಸಿದುಕೊಂಡರಾಯಿತು. ಪದ್ಧತಿಯೂ ಉಳಿಯಿತು, ಅವನಿಗೆ ತೊಂದರೆಯೂ ಇಲ್ಲ. ಇಂಥದ್ದು ಹೊಳೆಯಬೇಕಾದರೆ ಗೆಳೆತನ ಇರಬೇಕು. ಅವನ ಮೊಲದ ತುಪ್ಪಟವನ್ನೇ ಬಳಸಿದೆ.

ಡಿಸೆಂಬರ್ ೧೬, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಹೋದೆ. ಅವನ ಎದುರು ಕುರ್ಚಿ ಎಳೆದುಕೊಂಡು ಕೂತೆ. ಪುಟ್ಟ ಡಬ್ಬಿ ತೆರೆದು ನೊಣ ಅವನ ಎಡ ಅಂಗೈಯಲ್ಲಿಟ್ಟೆ. ಈ ವರ್ಷ ನಾನು ಕಟ್ಟಿದ್ದರಲ್ಲೆಲ್ಲಾ ಚೆಂದದ್ದು. ತಾಮ್ರದ ತಂತಿಯ ಸುತ್ತು ಒಂದೊಂದೂ ಅಳತೆಗೆ ಸರಿ. ಮಕ್ಕಳಿಗೆ ಹೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದೆ: “ಓರ್ಲಿನ್, ಈ ಸಲ ನಿನ್ನ ಪಾಲಿಂದೂ ನಾನೇ ಕಟ್ಟಿದೀನಿ. ನೀನೇನೂ ಕಷ್ಟಪಡಬೇಡ. ಮೊದಲ ಶನಿವಾರ ಇದನ್ನ ನನ್ನ ಕೈಗೆ ಕೊಡು, ಅಷ್ಟು ಸಾಕು.”

ಅವನು ಅದನ್ನು ಬಹಳ ಹೊತ್ತು ನೋಡಿದ. ಮೆಚ್ಚಿದ ಅಂದುಕೊಂಡೆ. ಆಮೇಲೆ ಗಾಳವನ್ನು ಕುರ್ಚಿಯ ತೋಳಿನ ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಎಡಗೈ ಉಗುರಿನಿಂದ ನೊಣದ ತಲೆಯ ಗಂಟು ಕೆರೆದು ಬಿಡಿಸಿದ. ನೂಲಿನ ತುದಿ ಹಿಡಿದು ಸುತ್ತು ಸುತ್ತಾಗಿ ಬಿಚ್ಚಿದ. ತುಪ್ಪಟ ಉದುರಿತು, ತಂತಿ ಉದುರಿತು. ಕೊನೆಗೆ ಬರೀ ಗಾಳ ಉಳಿಯಿತು. ಅದನ್ನು ನನ್ನ ಕಡೆ ಚಾಚಿ ನನ್ನ ಮುಖ ನೋಡಿ ಹೇಳಿದ.

“ದರಿದ್ರ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆರ್ಡಿಸ್ ನಕ್ಕಳು. ಬಾಯಿಗೆ ಬಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು.

“ಇದರಲ್ಲಿ ನಗೋ ವಿಷಯ ಏನಿದೆ?” ಎಂದೆ.

“ಮೂರು ತಿಂಗಳಲ್ಲಿ ಅವನು ಒಂದು ಕೆಲಸ ಶುರುಮಾಡಿ ಮುಗಿಸಿದ್ದು ಇದೇ ಮೊದಲು,” ಎಂದಳು.

ಎದ್ದುಬಂದೆ. ಟೋಪಿ ಅಲ್ಲೇ ಉಳಿಯಿತು. ಇರಲಿ.

ಡಿಸೆಂಬರ್ ೧೭, ಭಾನುವಾರ

ಉಪಕಾರ ಮಾಡುವ ಕಾಲ ಅಲ್ಲ ಇದು. ಕಿವಿಗೆ ಚಳಿ.

ಡಿಸೆಂಬರ್ ೨೦, ಬುಧವಾರ

ಬೆಳಿಗ್ಗೆ ಲಾರಿ ಓಡಿಸುತ್ತಾ ಅವರ ಮನೆ ಮುಂದೆ ಬಂದರೆ ಆರ್ಡಿಸ್ ನಡುರಸ್ತೆಯಲ್ಲಿ ನಿಂತು ಪಾತ್ರೆ ಒರೆಸುವ ಬಟ್ಟೆ ಬೀಸುತ್ತಿದ್ದಾಳೆ. ಆ ಲಾರಿಯ ಮುಂದೆ ಹಾಗೆ ನಿಲ್ಲಲು ಎಂಟೆದೆ ಬೇಕು. ಬ್ರೇಕ್ ಒತ್ತಿದೆ.

“ತಲೆ ಕೆಟ್ಟಿದೆಯಾ ನಿನಗೆ?”

“ಆ ವೈಸ್ ಎಲ್ಲಿ?”

“ನೀನೇ ತಾನೇ ತಗೊಂಡು ಹೋಗು ಅಂದಿದ್ದು?”

“ಈಗ ತಂದುಕೊಡು ಅಂತಿದೀನಿ. ಭಾನುವಾರದಿಂದ ನಾನು ಬಟ್ಟೆ ಒಣಹಾಕೋ ಕ್ಲಿಪ್ಪಿಗೆ ನೂಲು ಸುತ್ತುತಾ ಕೂತಿದಾನೆ. ಕ್ಲಿಪ್ಪು ಜಾರುತ್ತೆ, ದರಿದ್ರ ಅಂತಾನೆ, ಮತ್ತೆ ಸುತ್ತುತಾನೆ. ನನ್ನ ಕ್ಲಿಪ್ಪೆಲ್ಲಾ ಮುರಿದುಹಾಕಿದ.”

ಸಂಜೆ ಪೆಟ್ಟಿಗೆ ಒಯ್ದುಕೊಟ್ಟೆ. ಮೊಲದ ಚರ್ಮದ ಒಂದು ಮೂಲೆ ಕತ್ತರಿಸಿ ಇಟ್ಟುಕೊಳ್ಳೋಣ ಅನ್ನಿಸಿತ್ತು, ಇಟ್ಟುಕೊಳ್ಳಲಿಲ್ಲ. ಆರ್ಡಿಸ್ ಬಾಗಿಲಲ್ಲೇ ಪೆಟ್ಟಿಗೆ ಇಸಿದುಕೊಂಡಳು.

“ಒಳಗೆ ಬರಬಹುದಾ?”

“ನೀನು ನೋಡೋ ಹಾಗಿಲ್ಲ ಅಂತೆ.”

“ಅಂತೆ ಅಂದ್ರೆ? ಅವನು ಹೇಳಿದ್ನಾ?”

“ನಿನ್ನ ಲಾರಿ ಸದ್ದು ಕೇಳಿದ ತಕ್ಷಣ ಬಾಗಿಲು ಹಾಕು ಅಂತ ಕೈ ಮಾಡಿದ. ಇನ್ನೇನು ಬರೆದು ಕೊಡಬೇಕಾ?”

ನನ್ನ ಟೋಪಿ ಕೊಟ್ಟು ಬಾಗಿಲು ಹಾಕಿದಳು. ಮೆಟ್ಟಿಲಿಳಿಯುವಾಗ ನಾನು ಸಿಳ್ಳೆ ಹಾಕುತ್ತಿದ್ದೆ ಎಂದು ಲಾರಿ ಹತ್ತಿದ ಮೇಲೆ ಗೊತ್ತಾಯಿತು.

ಡಿಸೆಂಬರ್ ೨೫, ಸೋಮವಾರ

ಕ್ರಿಸ್‌ಮಸ್ ಊಟ ಅವರ ಮನೆಯಲ್ಲಿ. ಈ ವಾರ ದಿನವೂ ಹೋಗಿದ್ದೆ, ಹೇಗೂ ದಾರಿಯಲ್ಲೇ ಸಿಗುತ್ತದೆ, ಲಾರಿ ನಿಲ್ಲಿಸಿ ಕಾಫಿ ಕುಡಿದು ಹೋಗುವುದು. ಹಿಂದಿನ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಒಳಗಿನಿಂದ ಅವನ ಒಂದೇ ಮಾತು ಬಗೆಬಗೆಯ ದನಿಯಲ್ಲಿ ಕೇಳುತ್ತದೆ. ಸೋತಾಗಿನದು ಬೇರೆ, ಯೋಚನೆಯದು ಬೇರೆ. ಒಮ್ಮೆ ಬಹಳ ಮೆತ್ತಗೆ ಅಂದ. ಏನೋ ಸರಿಹೋಗಿರಬೇಕು ಎಂದು ಆರ್ಡಿಸ್‌ಳೂ ನಾನೂ ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತೆವು.

ಊಟಕ್ಕೆ ಒಣಮೀನು ನೆನೆಹಾಕಿ ಬೇಯಿಸಿದ್ದಳು, ಬೆಣ್ಣೆ, ಆಲೂಗಡ್ಡೆಯ ತೆಳ್ಳನೆ ರೊಟ್ಟಿ ಲೆಫ್ಸ. ಓರ್ಲಿನ್ ಎಡಗೈಯಲ್ಲಿ ಲೆಫ್ಸಕ್ಕೆ ಸಕ್ಕರೆ ಉದುರಿಸಿದ. ಸುತ್ತಬೇಕಾದಾಗ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ರೊಟ್ಟಿಯ ಅಂಚಿನ ಮೇಲೆ ಒರಗಿಸಿದ. ಭಾರಕ್ಕೆ ಇಟ್ಟ ಕಲ್ಲಿನ ಹಾಗೆ. ಆಮೇಲೆ ಆ ಕಲ್ಲಿನ ಹೆಬ್ಬೆರಳು ಅಂಚನ್ನು ಒತ್ತಿ ಹಿಡಿಯಿತು. ಸ್ವಲ್ಪವೇ. ಆರ್ಡಿಸ್ ನೋಡಿದಳು, ನಾನು ನೋಡಿದೆ. ಅವಳು ಬೆಣ್ಣೆ ತರಲು ಎದ್ದುಹೋದಳು. ಬೆಣ್ಣೆ ಮೇಜಿನ ಮೇಲೇ ಇತ್ತು.

ಡಿಸೆಂಬರ್ ೩೦, ಶನಿವಾರ

ವಿಪರೀತ ಚಳಿ. ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುತ್ತದೆ.

ಓರ್ಲಿನ್‌ಗೆ ಏನು ಕಟ್ಟಬೇಕು ಎಂಬುದೇ ಒಂದು ವಾರದ ತಲೆನೋವು. ಅವನು ಎಡಗೈಯಲ್ಲಿ ಗಾಳದ ಕೋಲು ಬೀಸಬೇಕು, ಬಲಗೈ ದಾರ ಎಳೆಯಲಾರದು. ಹಗುರವಾದದ್ದು ಗಾಳಿಗೆ ತೂರಿ ಅವನ ಕಿವಿಗೇ ಚುಚ್ಚುತ್ತದೆ. ಭಾರವಾದದ್ದು ತಳಕ್ಕೆ ಹೋಗಿ ಕಲ್ಲಿಗೆ ಸಿಕ್ಕುತ್ತದೆ. ಕಟ್ಟಿ ಕಟ್ಟಿ ಬಿಚ್ಚಿದೆ.

ಇದರ ಮಧ್ಯೆ ಎಡಗೈಯಲ್ಲಿ ಕಟ್ಟುವುದು ಹೇಗಿರುತ್ತದೆ ನೋಡೋಣ ಎಂದು ಬಲಗೈಯನ್ನು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿಕೊಂಡು ಕೂತೆ. ನೂಲು ಗಾಳದ ಮೇಲೆ ನಿಲ್ಲಿಸುವುದೇ ಆಗಲಿಲ್ಲ. ಹಲ್ಲಲ್ಲಿ ಕಚ್ಚಿ ಹಿಡಿದರೆ ಕಣ್ಣಿಗೆ ಕಾಣುವುದಿಲ್ಲ. ಗರಿ ನೆಲಕ್ಕೆ ಬಿತ್ತು. ಕೊನೆಯ ಗಂಟು, ನಾನು ಸಾವಿರ ಸಲ ಹಾಕಿರುವುದು, ಒಮ್ಮೆಯೂ ಬರಲಿಲ್ಲ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು, ಹೊರಗೆ ಅಂಥ ಚಳಿ ಇರುವಾಗ. ಎಲ್ಲಾ ತಳ್ಳಿಟ್ಟೆ. ಹದಿನಾರನೇ ತಾರೀಖು ಅವನ ಅಂಗೈಯಲ್ಲಿ ಆ ಚೆಂದದ ನೊಣ ಇಟ್ಟು, ದೊಡ್ಡ ದನಿಯಲ್ಲಿ ಏನು ಹೇಳಿದೆ ಎಂಬುದು ನೆನಪಾಗುತ್ತಲೇ ಇತ್ತು.

ಡಿಸೆಂಬರ್ ೩೧, ಭಾನುವಾರ

ಹಿಮಗಟ್ಟಿದ ಕೆರೆಗೆ ಸಾಮಾನು ಎಳೆದೊಯ್ಯುವ ನನ್ನ ಜಾರುಬಂಡಿ ಶೆಡ್ಡಿನಲ್ಲಿತ್ತು. ಅದಕ್ಕೆ ಹಳೆಯ ಟ್ರ್ಯಾಕ್ಟರ್ ಸೀಟು ಬೋಲ್ಟ್ ಹಾಕಿ ಕೂರಿಸಿದೆ. ಆರ್ಡಿಸ್‌ಗೆ ತೋರಿಸಲು ಒಯ್ದೆ.

“ಇದರ ಮೇಲೆ ನನ್ನ ಗಂಡನ್ನ ಕೂರಿಸಿ ಹಳ್ಳಕ್ಕೆ ಉರುಳಿಸ್ತೀಯಾ?”

“ಪಟ್ಟಿ ಹಾಕಿ ಬಿಗೀತೀನಿ.”

“ಆಗ ಬಂಡಿ ಸಮೇತ ಮುಳುಗ್ತಾನೆ.”

ಓರ್ಲಿನ್ ಕಿಟಕಿಯಿಂದ ನೋಡುತ್ತಿದ್ದ. ಹೌದು, ಕುರ್ಚಿ ಹೊರಗಿನ ಕಡೆ ತಿರುಗಿತ್ತು. ಎಡಗೈಯಿಂದ ಗಾಜು ಬಡಿದು, ಸೀಟು ಇನ್ನೂ ಹಿಂದಕ್ಕಿರಬೇಕು ಎಂದು ಸನ್ನೆ ಮಾಡಿದ. ಬೋಲ್ಟ್ ಬಿಚ್ಚಿ ಹಿಂದಕ್ಕೆ ಹಾಕಿದೆ. ಅವನು ಹೇಳಿದ್ದೇ ಸರಿ ಇತ್ತು.

ಜನವರಿ ೫, ಶುಕ್ರವಾರ

ನಾಳೆ ಹಿಮ ಬರಬಹುದು, ಎಲ್ಲಾ ಲಾರಿಗಳೂ ಸಿದ್ಧವಿರಬೇಕು ಎಂದು ನೋಟಿಸ್. ರಿಕ್‌ನನ್ನು ಹಿಡಿದು, ನಾಳೆ ನನ್ನ ರಸ್ತೆ ನೀನು ನೋಡಿಕೋ ಎಂದೆ.

“ಹಿಡಿದು ಬಿಡೋ ಮೀನಿಗಾಗಿ?”

“ಮೀನಿಗಲ್ಲ.”

ಅವನು ಏನೋ ಹೇಳಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. “ಭಾನುವಾರ ನನ್ನ ಪಾಳಿ ನೀನು ಮಾಡ್ತೀಯಾ?” ಎಂದ. ಮಾಡುತ್ತೇನೆ ಎಂದು ಮಾತುಕೊಟ್ಟೆ. ಒಳ್ಳೆಯವನು, ಎರೆಹುಳು ಕಟ್ಟುವವನಾದರೂ.

ಜನವರಿ ೬, ಶನಿವಾರ

ಬರೆಯಲು ಬೆರಳು ಬಗ್ಗುತ್ತಿಲ್ಲ, ಆದರೂ ಬರೆಯುತ್ತೇನೆ.

ಹಿಮ ಬರಲಿಲ್ಲ. ಬಿಸಿಲು ಬಂತು, ಆ ಬಿಸಿಲಿಗೆ ಶಾಖವೇ ಇರಲಿಲ್ಲ. ಓರ್ಲಿನ್‌ಗೆ ಆರ್ಡಿಸ್ ಎಷ್ಟು ಬಟ್ಟೆ ತೊಡಿಸಿದ್ದಳೆಂದರೆ ಮೂಗು ಎಲ್ಲಿದೆ ಎಂದು ಹುಡುಕಬೇಕಿತ್ತು. ಬಂಡಿಯ ಮೇಲೆ ಕೂರಿಸಿ, ಪಟ್ಟಿ ಬಿಗಿದು, ನಾನು ಹಗ್ಗ ಹಿಡಿದು ಎಳೆದೆ, ಅವಳು ಹಿಂದಿನಿಂದ ಹಿಡಿದುಕೊಂಡು ಬಂದಳು. ದಾರಿಯುದ್ದಕ್ಕೂ, “ನಿಧಾನ, ಆಲೂಗಡ್ಡೆ ಮೂಟೆ ಅಲ್ಲ ಅದು,” ಅನ್ನುತ್ತಿದ್ದಳು. ದಡದಲ್ಲಿ ಹಿಮ ತುಳಿದು ಸಮ ಮಾಡಿ ಬಂಡಿ ನಿಲ್ಲಿಸಿದೆ. ಹಳ್ಳ ಹಬೆಯಾಡುತ್ತಿತ್ತು. ಕಾಳುಮೆಣಸಿನಷ್ಟು ಕಪ್ಪು ಹುಳಗಳು ಹಿಮದ ಮೇಲೆ ತೆವಳುತ್ತಿದ್ದವು. ಅವು ಹೊರಗೆ ಬಂದಿದ್ದರೆ ಕೆಳಗೆ ಮೀನು ಎಚ್ಚರವಾಗಿರುತ್ತವೆ.

ಮೊದಲು ನನ್ನದು ಕೊಟ್ಟೆ. ತಲೆಗೆ ಹಿತ್ತಾಳೆಯ ಮಣಿ ಹಾಕಿದ, ಗಿಡ್ಡನೆಯ, ಗಾಳದ ಹಿಂಮುಳ್ಳು ಒತ್ತಿ ಮಲಗಿಸಿದ ನೊಣ. ಹತ್ತಿರದಲ್ಲೇ ಬೀಸಿದರೂ ತಾನಾಗಿ ಹೋಗಿ ಬೀಳುತ್ತದೆ. ಅವನು ಬೆರಳಲ್ಲಿ ತೂಗಿ ನೋಡಿ ತಲೆಯಾಡಿಸಿದ. ಆಮೇಲೆ ತನ್ನ ಎಡ ಮುಷ್ಟಿ ಚಾಚಿ ತೆರೆದ.

ಅದು ನೊಣವೇ ಎಂದು ಕೇಳಬೇಕು. ತಲೆ ಬಟಾಣಿಯಷ್ಟು ದಪ್ಪ, ಗಂಟಿನ ಮೇಲೆ ಗಂಟು. ಗರಿಯೆಲ್ಲಾ ಒಂದೇ ಪಕ್ಕಕ್ಕೆ. ತುಪ್ಪಟ ಕೆದರಿದ್ದು ನೋಡಿದರೆ ಚರಂಡಿಯಿಂದ ತೆಗೆದ ಕೂದಲು. ಹಳೆಯ ಓರ್ಲಿನ್ ಇಂಥದ್ದನ್ನು ನೋಡಿದ್ದರೆ ಬೂಟಿನಲ್ಲಿ ತುಳಿಯುತ್ತಿದ್ದ. ನಾನು ಬೆಲ್ಟಿಗೆ ಕೈ ಸಿಕ್ಕಿಸಿಕೊಂಡು ಕೂತವನು, ಅದರ ಒಂದೊಂದು ಸುತ್ತಿನ ಬೆಲೆ ನನಗೆ ಗೊತ್ತು. “ಚೆನ್ನಾಗಿದೆ,” ಎಂದೆ, ಎಂದವನೇ ದಾರ ಕಟ್ಟುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಇವತ್ತು ಸಂಜೆ ಇದನ್ನು ಗಾಜಿನ ಚೌಕಟ್ಟಿನಲ್ಲಿ ಇಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಓರ್ಲಿನ್ ಮೊದಲು ಬೀಸಿದ. ಎರಡು ಸಲ ಆರ್ಡಿಸ್‌ಳ ಟೋಪಿಗೆ ಸಿಕ್ಕಿತು. “ಇಷ್ಟು ವರ್ಷದ ಮೇಲೆ ಈಗ ನನ್ನ ಹಿಡೀತಿದೀಯಾ?” ಎಂದು ಅವಳೇ ಬಿಡಿಸಿದಳು. ದಾರ ಹಾಯುವ ಕೋಲಿನ ಉಂಗುರಗಳಲ್ಲಿ ಮಂಜು ಕಟ್ಟುತ್ತಿತ್ತು, ನಾನು ಬಾಯಲ್ಲಿ ಊದಿ ಕರಗಿಸುತ್ತಿದ್ದೆ. ಮೂರನೆಯದು ನೀರಿಗೆ ಬಿತ್ತು. ಆಮೇಲಿನವೂ ಬಿದ್ದವು. ಬಹಳ ಹೊತ್ತಿನ ಮೇಲೆ ದಾರ ಒಮ್ಮೆ ನಿಂತಿತು, ಅವನು ಕೋಲೆತ್ತಿದ. ಅಂಗೈಯುದ್ದದ ಮರಿ ಟ್ರೌಟ್. ನೀರಿನಿಂದ ಎತ್ತದೆಯೇ ಗಾಳ ಜಾರಿಸಿ ಬಿಟ್ಟೆ, ಈ ಚಳಿಗೆ ಹೊರಗೆತ್ತಿದರೆ ಅದರ ಕಿವಿರು ಹೆಪ್ಪುಗಟ್ಟುತ್ತದೆ. ಓರ್ಲಿನ್ ಅದು ಹೋದ ಕಡೆಯೇ ನೋಡುತ್ತಾ ಕೂತ. ಆರ್ಡಿಸ್ ಅವನ ಹೆಗಲ ಮೇಲೆ ಕೈಯಿಟ್ಟಿದ್ದಳು.

ಈಗ ನನ್ನ ಸರದಿ. ನಾನು ಹೋಗಿ ನಿಂತದ್ದು ಬಯಲು ನೀರಿನಲ್ಲಿ. ಬೇರಿಲ್ಲ, ಬಂಡೆಯಿಲ್ಲ, ಸಿಕ್ಕಿಹಾಕಿಕೊಳ್ಳುವಂಥದ್ದು ಏನೂ ಇಲ್ಲ, ಮೀನೂ ಇಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಮೆತ್ತಗೆ ಬೀಸಿ ಮೆತ್ತಗೆ ಎಳೆದುಕೊಳ್ಳುತ್ತಿದ್ದೆ. ಹಿಂದಿನಿಂದ ಧಪ್ ಎಂದು ಸದ್ದಾಯಿತು. ಓರ್ಲಿನ್ ಕೋಲಿನ ಬುಡದಿಂದ ಹಿಮ ಕುಟ್ಟುತ್ತಿದ್ದ. ಆಚೆ ದಡದಲ್ಲಿ ಮರದ ಬೇರುಗಳು ನೀರಿಗೆ ಇಳಿದು ಜಾಲವಾಗಿರುವ ಕಡೆ ಕೋಲು ತೋರಿಸಿದ.

“ಅಲ್ಲಿ ಬೇಡ ಕಣೋ, ಸಿಕ್ಕಿಕೊಂಡ್ರೆ ಹೋಯ್ತು.”

ಮತ್ತೆ ಧಪ್. “ದರಿದ್ರ!” ಇದು ಸಿಟ್ಟಿನದು. ನನಗೆ ಬೈದದ್ದು.

“ಹಿಡಿಯೋಕೆ ಬಂದಿದೀಯಾ, ಜೋಗುಳ ಹಾಡೋಕೆ ಬಂದಿದೀಯಾ ಅಂತ ಕೇಳ್ತಿದಾನೆ,” ಎಂದಳು ಆರ್ಡಿಸ್.

ಬೀಸಿದೆ. ಬೇರುಗಳ ಬಾಯಿಗೇ ಹೋಗಿ ಬಿತ್ತು. ಮುಳುಗಿತೋ ಇಲ್ಲವೋ, ಕೋಲು ಬಾಗಿತು. ಮರಿಯಲ್ಲ. ಒಮ್ಮೆ ಮೇಲೆ ಬಂದು ಹೊರಳಿತು, ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕದಲ್ಲಿ ಕೆಂಪು ಚುಕ್ಕೆಗಳು, ನನ್ನ ಮೊಳಕೈಯಷ್ಟು ಉದ್ದ. ನಾನು ಕೂಗಿದೆ, ಆರ್ಡಿಸ್ ಕೂಗಿದಳು. ಅದು ತಿರುಗಿ ಬೇರುಗಳ ಒಳಗೆ ನುಗ್ಗಿತು. ಟಕ್ ಎಂದಿತು. ದಾರ ಹಗುರವಾಗಿ ನನ್ನ ಕಡೆ ತೇಲಿಬಂತು, ತುದಿಯಲ್ಲಿ ಏನೂ ಇರಲಿಲ್ಲ.

ಆ ಚಳಿಯಲ್ಲಿ ನೀರೊಳಗೆ ನಿಂತು ಅರವತ್ತೆರಡು ವರ್ಷದ ನಾನು ಅಳುವ ಹಾಗಾಗಿದ್ದೆ. ಮೂರು ವಾರದ ಕೆಲಸ, ಹಲ್ಲು ಕಚ್ಚಿ ಕಟ್ಟಿದ್ದು, ಅದನ್ನು ನಾನು ಒಂದು ಬೀಸಿಗೆ ಕಳೆದೆ. ದಡಕ್ಕೆ ಬಂದೆ.

“ಹೋಯ್ತು ಓರ್ಲಿನ್. ನೀನು ಅಷ್ಟು ಕಷ್ಟಪಟ್ಟು ಕಟ್ಟಿದ್ದು. ನನ್ನ ತಪ್ಪು.”

ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. ಬಾಯಿ ಒಂದೇ ಪಕ್ಕಕ್ಕೆ ಹೋಗುತ್ತಿತ್ತು, ಬಂಡಿ ಅಲುಗಾಡುತ್ತಿತ್ತು, ಆರ್ಡಿಸ್ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳೂ ನಗುತ್ತಿದ್ದಳು, ಅವಳಿಗೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ.

ಓರ್ಲಿನ್ ಎಡಗೈಯ ಗವಸನ್ನು ಹಲ್ಲಿನಿಂದ ಎಳೆದು ತೆಗೆದ. ಕೋಟಿನೊಳಗೆ ಕೈಹಾಕಿ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿ ತೆಗೆದ. ಬಲಗೈಯನ್ನು ಎದೆಗೆ ಒತ್ತಿ, ಅದರ ಸಂದಿಯಲ್ಲಿ ಡಬ್ಬಿ ಸಿಕ್ಕಿಸಿ, ಎಡಗೈಯಿಂದ ಮುಚ್ಚಳ ಎಬ್ಬಿಸಿದ. ನಾನು ನೆರವಿಗೆ ಕೈ ಚಾಚಲು ಹೋದೆ, ಆರ್ಡಿಸ್ ನನ್ನ ತೋಳು ಹಿಡಿದಳು.

ಒಳಗೆ ನೊಣಗಳ ಸಾಲು. ಮೊದಲಿನವು ಕುರೂಪಿಗಳು, ನಾನು ಕಳೆದದ್ದರ ಅಣ್ಣತಮ್ಮಂದಿರು. ಆಮೇಲಿನವುಗಳ ತಲೆ ಸಣ್ಣದಾಗುತ್ತಾ ಬಂದಿತ್ತು. ಗರಿ ನಡುವಿಗೆ ಸರಿದಿತ್ತು. ಕೊನೆಯದನ್ನು ಅಂಗಡಿಯಲ್ಲಿಟ್ಟರೆ ಜನ ಕೊಳ್ಳುತ್ತಾರೆ. ಇಷ್ಟೆಲ್ಲಾ ಇದ್ದೂ, ಎಲ್ಲಕ್ಕಿಂತ ಮೊದಲು ಕಟ್ಟಿದ, ಎಲ್ಲಕ್ಕಿಂತ ಕೆಟ್ಟದ್ದನ್ನು ಹುಡುಕಿ ನನಗೆ ಕೊಟ್ಟಿದ್ದ. ಅವನು ಕಟ್ಟಬೇಕಾದದ್ದನ್ನು ನಾನು ಕಟ್ಟಿ ಒಯ್ದದ್ದಕ್ಕೆ ಸೇಡು. ನಾನು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಲು ಹೊರಟಿದ್ದೆ.

“ನಿನ್ನ ವಂಶ ಹಾಳಾಗ,” ಎಂದೆ. ಅದು ಅವನಿಗೆ ಇನ್ನೂ ನಗು ತಂದಿತು.

ಆ ಕೊನೆಯ ನೊಣವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮೂಗಿನ ಹತ್ತಿರ ತಂದ. ನಾನು ಕೈಯೊಡ್ಡಿದೆ. ಅವನು ಅದನ್ನು ವಾಪಸ್ ಡಬ್ಬಿಗಿಟ್ಟು ಮುಚ್ಚಳ ಒತ್ತಿದ. ಕಳೆದುಕೊಂಡವನು ದಡದಲ್ಲಿ ಕೂರಬೇಕು, ಅದು ಕಾನೂನು. ಫ್ಲಾಸ್ಕಿನ ಕಡೆ ಗಲ್ಲ ತೋರಿಸಿದ. ಆಮೇಲೆ ನಗು ನಿಂತು, ತುಟಿ ಏನೋ ಹುಡುಕಿತು. ಆರ್ಡಿಸ್ ನಗುವುದನ್ನು ನಿಲ್ಲಿಸಿದಳು. ಅವನ ಮುಖ ಕೆಂಪಗಾಯಿತು, ನಾಲಿಗೆ ಹಲ್ಲಿಗೆ ತಗುಲಿತು, ಜಾರಿತು, ಮತ್ತೆ ತಗುಲಿತು.

“ನಾ... ನಾಳೆ,” ಎಂದ.

ಆರ್ಡಿಸ್ ಹಿಮದ ಮೇಲೆ ಹಾಗೇ ಕೂತುಬಿಟ್ಟಳು. ನಾನು ಕಾಫಿ ಸುರಿದುಕೊಂಡೆ, ಅರ್ಧ ಗವಸಿನ ಮೇಲೆ ಚೆಲ್ಲಿತು. “ನಾಳೆ ಅಂದ್ರೆ ನಾಳೆ,” ಎಂದೆ.

ನಾಳೆ ಭಾನುವಾರ, ರಿಕ್ ಪಾಳಿ ಮಾಡುತ್ತೇನೆ ಎಂದು ಮಾತುಕೊಟ್ಟ ದಿನ. ಅವನಿಗೆ ಫೋನ್ ಮಾಡಿ ಏನಾದರೊಂದು ಸುಳ್ಳು ಹೇಳಬೇಕು.